ಕೊಂಡ ಆಟಗಾರ, ಬೆಳೆಸಿದ ಆಟಗಾರ



ಈ ದತ್ತಿಯನ್ನು ಸ್ಥಾಪಿಸಿದ ಹಿರಿಯರು ಉಪನ್ಯಾಸದ ವಸ್ತುವನ್ನು ಸಾಹಿತ್ಯಕ್ಕೋ ಶಾಸ್ತ್ರಕ್ಕೋ ಬಿಗಿದು ಕಟ್ಟದೆ, ಜನಜೀವನಕ್ಕೆ ಸಂಬಂಧಿಸಿದ ಯಾವ ವಿಚಾರವನ್ನಾದರೂ ಎತ್ತಿಕೊಳ್ಳಬಹುದೆಂದು ಉದಾರವಾಗಿ ಬಿಟ್ಟಿರುವುದರಿಂದ, ಲೋಕದಲ್ಲಿ ಕೋಟ್ಯಂತರ ಜನರು ಕಣ್ಣಿಟ್ಟು ನೋಡುವ, ಆದರೆ ನಮ್ಮ ವಿದ್ವತ್ಸಭೆಗಳಲ್ಲಿ ಪರಾಮರ್ಶೆಗೆ ಬರುವುದು ಅಪೂರ್ವವಾದ ಒಂದು ಆಟದ ಸಂಗತಿಯನ್ನು ಈ ಸಂಜೆ ತಮ್ಮ ಮುಂದಿಡಲು ನನಗೆ ಅವಕಾಶ ದೊರೆತಿದೆ. ಫುಟ್ಬಾಲ್ ತಂಡವೊಂದನ್ನು ಕಟ್ಟತಕ್ಕ ಬಗೆ ಯಾವುದು ಎಂಬುದೇ ಆ ಸಂಗತಿ. ಬೇರೆಡೆ ಬೆಳೆದು ಹೆಸರಾದ ಆಟಗಾರರನ್ನು, ಅವರ ಕರಾರು ಮುಗಿಯುವ ಗಳಿಗೆಯನ್ನು ಕಾದೋ, ಇಲ್ಲವೆ ಹಣವನ್ನು ಸುರಿದೋ, ತನ್ನತ್ತ ಸೆಳೆದುಕೊಂಡು ಕಟ್ಟುವುದು ಒಂದು ಬಗೆ. ಹತ್ತು ಹನ್ನೆರಡು ವಯಸ್ಸಿನ ಮಕ್ಕಳನ್ನು ಅಂಗಳಕ್ಕೆ ಬರಮಾಡಿಕೊಂಡು, ವರುಷಗಟ್ಟಲೆ ಕಲಿಸಿ, ಅವರಲ್ಲಿ ಗಟ್ಟಿಯಾಗಿ ನಿಂತವರಿಂದ ಕಟ್ಟುವುದು ಇನ್ನೊಂದು ಬಗೆ. ನನ್ನ ಒಲವು ಈ ಎರಡನೆಯದರ ಕಡೆಗಿದೆಯೆಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಆದರೆ ಆ ಒಲವಿನ ಹೆಸರಿನಲ್ಲಿ ಆಟಗಾರನ ಸ್ವಾತಂತ್ರ್ಯವನ್ನು ಹಳಿಯುವವರ ಪಂಕ್ತಿಯಲ್ಲಿ ನಾನು ಕೂಡಲಾರೆ.

ಈ ಮಾತಿಗೆ ಕಾರಣವುಂಟು. ಕರಾರು ಮುಗಿದ ಮೇಲೆ ಆಟಗಾರನು ತನಗೆ ಬೇಕಾದ ಕಡೆಗೆ ಹೋಗಬಹುದೆಂಬುದು ಇಂದು ಸಹಜವಾಗಿ ತೋರುತ್ತದೆ. ಬಹುಕಾಲ ಅದು ಹಾಗಿರಲಿಲ್ಲ. ಈ ಆಟಕ್ಕೆ ನಿಯಮಗಳನ್ನು ಬರೆದುಕೊಟ್ಟ ಇಂಗ್ಲೆಂಡಿನಲ್ಲಿಯೇ, ಅವಧಿ ತೀರಿದ ಮೇಲೂ ಆಟಗಾರನ ಹೆಸರನ್ನು ತನ್ನ ಪಟ್ಟಿಯಲ್ಲಿ ಉಳಿಸಿಕೊಂಡು, ಅವನು ಮತ್ತಾವ ಕ್ಲಬ್ಬಿಗೂ ಆಡದಂತೆ ತಡೆಯುವ ಅಧಿಕಾರ ಕ್ಲಬ್ಬಿಗಿತ್ತು. ಅದರ ಜೊತೆಗೆ, ಅವನು ಎಷ್ಟೇ ನಿಪುಣನಾಗಿರಲಿ, ಸಂಬಳವು ಒಂದು ಮಿತಿಯನ್ನು ದಾಟಕೂಡದೆಂಬ ಕಟ್ಟಳೆ ೧೯೬೧ರ ಜನವರಿಯವರೆಗೂ ಇದ್ದು, ಕೊನೆಗಾಲದಲ್ಲಿ ಆ ಮಿತಿ ವಾರಕ್ಕೆ ೨೦ ಪೌಂಡು ಆಗಿತ್ತು. ನ್ಯೂಕ್ಯಾಸಲ್ ಯುನೈಟೆಡ್ ತಂಡದ ಜಾರ್ಜ್ ಈಸ್ಟ್‌ಹ್ಯಾಮ್ ೧೯೬೦ರಲ್ಲಿ ಬೇರೆಡೆ ಹೋಗಲು ಬಯಸಿ, ಕ್ಲಬ್ಬು ಒಪ್ಪದಿರಲು, ಆಟವನ್ನೇ ಬಿಟ್ಟು ದಕ್ಷಿಣ ಇಂಗ್ಲೆಂಡಿಗೆ ಹೋಗಿ, ಪರಿಚಿತರೊಬ್ಬರ ವ್ಯಾಪಾರದಲ್ಲಿ ಕಾರ್ಕ್ ಮಾರುವ ಕೆಲಸ ಹಿಡಿದರು. ಮುಂದೆ ಇಂಗ್ಲೆಂಡಿನ ರಾಷ್ಟ್ರತಂಡಕ್ಕೆ ಆಡಲಿದ್ದ ಕಾಲುಗಳು ಕೆಲವು ತಿಂಗಳು ಚೆಂಡಿನಿಂದ ದೂರವಿದ್ದದ್ದು ಯಾವ ಗಾಯದಿಂದಲೂ ಅಲ್ಲ, ಒಂದು ಪಟ್ಟಿಯಲ್ಲಿ ಅವರ ಹೆಸರಿದ್ದುದರಿಂದ. ಕೊನೆಗೆ ಅವರನ್ನು ಆರ್ಸೆನಲ್ ತಂಡಕ್ಕೆ ಬಿಟ್ಟುಕೊಟ್ಟರಾದರೂ, ಅವರು ಹೂಡಿದ ವ್ಯಾಜ್ಯ ಮುಂದುವರಿದು, ೧೯೬೩ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅವರು ಆಟಗಾರನನ್ನು ಹೀಗೆ ಹಿಡಿದಿಡುವ ಪದ್ಧತಿಯು ಅವನ ಜೀವನೋಪಾಯಕ್ಕೆ ನ್ಯಾಯಬಾಹಿರವಾದ ಅಡ್ಡಿಯೆಂದು ತೀರ್ಪಿತ್ತರು.

ಯೂರೋಪಿನ ಬಹುಭಾಗದಲ್ಲಿ ವರ್ಗಾವಣೆಯ ಹಣದ ಕಟ್ಟು ಇನ್ನೂ ಮೂರು ದಶಕ ಉಳಿಯಿತು. ಅದನ್ನು ಕಡಿದ ಜಾನ್‌-ಮಾರ್ಕ್ ಬೋಸ್ಮಾನ್ ಬೆಲ್ಜಿಯಮ್ಮಿನ ಲೀಜ್ ನಗರದ ಕ್ಲಬ್ಬಿನಲ್ಲಿ ಆಡುತ್ತಿದ್ದ, ಅಷ್ಟೇನೂ ಪ್ರಸಿದ್ಧನಲ್ಲದ ಆಟಗಾರ. ೧೯೯೦ರ ಜೂನ್ ತಿಂಗಳಲ್ಲಿ ಆತನ ಕರಾರು ಮುಗಿಯುವ ಹೊತ್ತಿಗೆ, ಭತ್ಯೆಗಳೂ ಸೇರಿ ತಿಂಗಳಿಗೆ ಸುಮಾರು ೧,೨೦,೦೦೦ ಬೆಲ್ಜಿಯನ್ ಫ್ರಾಂಕು ಬರುತ್ತಿದ್ದ ಕಡೆ ೩೦,೦೦೦ ಫ್ರಾಂಕಿನ ಹೊಸ ಕರಾರನ್ನು ಕ್ಲಬ್ಬು ಮುಂದಿಟ್ಟಿತು. ಆತ ಒಪ್ಪದೆ ಫ್ರಾನ್ಸಿನ ಡಂಕರ್ಕ್ ನಗರದ ತಂಡವನ್ನು ಸೇರಲು ಹೊರಟಾಗ, ಆ ತಂಡ ಹಣ ಕೊಡಬಲ್ಲುದೆ ಎಂದು ಶಂಕಿಸಿದ ಲೀಜ್, ವರ್ಗಾವಣೆಗೆ ಬೇಕಾದ ಪತ್ರವನ್ನು ಕಳುಹಿಸುವ ಏರ್ಪಾಡು ಮಾಡಲಿಲ್ಲ. ಅಷ್ಟೇ ಅಲ್ಲದೆ ಆತನನ್ನು ಆಟದಿಂದ ಅಮಾನತ್ತಿನಲ್ಲಿಟ್ಟಿತು. ಅತ್ತ ಸಂಬಳವಿಲ್ಲ, ಇತ್ತ ಬಿಡುಗಡೆಯಿಲ್ಲ. ಐದು ವರ್ಷಗಳ ಹೋರಾಟದ ಮೇಲೆ, ೧೯೯೫ರ ಡಿಸೆಂಬರ್ ೧೫ರಂದು, ಲಕ್ಸೆಂಬರ್ಗಿನ ಯೂರೋಪಿಯನ್ ನ್ಯಾಯಾಲಯವು, ಕರಾರು ಮುಗಿದ ಆಟಗಾರನು ಯೂರೋಪಿಯನ್ ಒಕ್ಕೂಟದ ಸದಸ್ಯರಾಷ್ಟ್ರಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಕ್ಲಬ್ಬು ಹಣ ಕೇಳಲಾಗದೆಂದೂ, ಸದಸ್ಯರಾಷ್ಟ್ರಗಳ ಪ್ರಜೆಗಳಾದ ಆಟಗಾರರ ಸಂಖ್ಯೆಗೆ ಮಿತಿ ಹಾಕಲಾಗದೆಂದೂ ವಿಧಿಸಿತು. ಆ ವೇಳೆಗೆ ಬೋಸ್ಮಾನನ ಆಟದ ಉತ್ತಮ ವರ್ಷಗಳು ಕಳೆದುಹೋಗಿದ್ದವು. ಅವನು ಗೆದ್ದುಕೊಟ್ಟ ಸ್ವಾತಂತ್ರ್ಯದ ಫಲವನ್ನುಂಡವರು ಅವನಿಗಿಂತ ಎಷ್ಟೋ ಪಾಲು ಹೆಚ್ಚು ಸಮರ್ಥರೂ ಸಂಪನ್ನರೂ ಆದ ಇತರರು.

ಈ ತೀರ್ಪಿನಲ್ಲಿ ನಮ್ಮ ಇಂದಿನ ವಿಚಾರಕ್ಕೆ ಬೀಜಪ್ರಾಯವಾದ ಒಂದು ಭಾಗವಿದೆ. ವರ್ಗಾವಣೆಯ ಹಣವೇ ನಿಂತುಹೋದರೆ ಎಳೆಯರಿಗೆ ಕಲಿಸುವ ಕ್ಲಬ್ಬುಗಳಿಗೆ ಆಸರೆಯೇನೆಂದು ವ್ಯವಸ್ಥೆಯ ಪರವಾಗಿದ್ದವರು ಕೇಳಿದರು. ನ್ಯಾಯಾಲಯವು ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಪ್ರತಿಫಲದ ನಿರೀಕ್ಷೆಯು ಪ್ರತಿಭೆಯನ್ನು ಹುಡುಕಿ ಕಲಿಸುವುದಕ್ಕೆ ಉತ್ತೇಜನವೇ ಹೌದೆಂದು ಒಪ್ಪಿಕೊಂಡಿತು. ಆದರೆ ಯಾವ ಬಾಲಕ ಮುಂದೆ ವೃತ್ತಿಗಾರನಾದಾನೆಂದು ಯಾರೂ ಮೊದಲೇ ಹೇಳಲಾರರಾದ್ದರಿಂದ ಆ ಹಣ ಅನಿಶ್ಚಿತವಾದದ್ದು, ಕಲಿಸುವುದಕ್ಕೆ ತಗಲುವ ನಿಜವಾದ ವೆಚ್ಚಕ್ಕೂ ಅದಕ್ಕೂ ಸಂಬಂಧವಿಲ್ಲ, ಅದೇ ಉದ್ದೇಶವನ್ನು ಆಟಗಾರನ ಸಂಚಾರಸ್ವಾತಂತ್ರ್ಯಕ್ಕೆ ಕುಂದು ತಾರದ ಬೇರೆ ದಾರಿಗಳಿಂದಲೂ ಸಾಧಿಸಬಹುದು ಎಂದಿತು. ಬಂಧನವನ್ನು ಬಿಡಿಸಿದ್ದು ಧರ್ಮವೇ ಸರಿ. ಬೆಳೆಸಿದವನ ಋಣವನ್ನು ತೀರಿಸುವ ಬೇರೆ ದಾರಿ ಯಾವುದೆಂಬುದು ಮಾತ್ರ ಅಂದು ಇತ್ಯರ್ಥವಾಗದೆ ಉಳಿಯಿತು.

ಆ ತೀರ್ಪಿನ ಪೆಟ್ಟು ಎಲ್ಲರಿಗಿಂತ ಹೆಚ್ಚಾಗಿ ಬಿದ್ದದ್ದು ಬೆಳೆಸುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ಕ್ಲಬ್ಬಿನ ಮೇಲೆ. ಅದೇ ವರ್ಷದ ಮೇ ೨೪ರಂದು, ತೀರ್ಪಿಗೆ ಏಳು ತಿಂಗಳೂ ಇಲ್ಲದ ಮುನ್ನ, ವಿಯೆನ್ನಾ ನಗರದಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ತಂಡ ಇಟಲಿಯ ಮಿಲಾನ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಯೂರೋಪಿನ ಚಾಂಪಿಯನ್ ಆಗಿತ್ತು. ಆ ಹೊತ್ತು ಕಣಕ್ಕಿಳಿದ ಹನ್ನೊಂದು ಮಂದಿಯಲ್ಲಿ ರೈಕಾರ್ಡ್, ರೈಜಿಗರ್, ಸೀಡಾರ್ಫ್, ಡಾವಿಡ್ಸ್, ಅವಳಿ ಸೋದರರಾದ ಫ್ರಾಂಕ್ ಮತ್ತು ರೊನಾಲ್ಡ್ ಡಿ ಬೂರ್ ಅಯಾಕ್ಸಿನ ಕಿರಿಯರ ಶಾಲೆಯಲ್ಲಿ ಕಲಿತವರು. ಪಂದ್ಯ ಮುಗಿಯಲು ಐದು ನಿಮಿಷವಿದ್ದಾಗ, ಮಿಲಾನಿನ ರಕ್ಷಕರ ನಡುವೆ ತಡವರಿಸುತ್ತಲೇ ಕಾಲಿನ ತುದಿ ಚಾಚಿ ಚೆಂಡನ್ನು ಬಲೆಗೆ ದೂಡಿದ ಪ್ಯಾಟ್ರಿಕ್ ಕ್ಲೈವರ್ಟ್ ಅದೇ ಶಾಲೆಯ ಹುಡುಗ. ಬದಲಿಯಾಗಿ ಬಂದಿದ್ದ ಅವನಿಗೆ ಇನ್ನೂ ಹದಿನೆಂಟು ವರ್ಷ. ಚೆಂಡನ್ನು ಒದಗಿಸಿಕೊಟ್ಟ ರೈಕಾರ್ಡನಿಗೆ ಮೂವತ್ತೆರಡು; ಆತ ಅಯಾಕ್ಸಿನಲ್ಲೇ ಬೆಳೆದು, ಇದೇ ಮಿಲಾನಿಗೆ ಹೋಗಿ ಯೂರೋಪಿನ ಕಿರೀಟ ಗೆದ್ದು, ತವರಿಗೆ ಮರಳಿದ್ದವನು. ಹೋಗಗೊಟ್ಟರೆ ಹಿಂತಿರುಗಿ ಬರುವುದೂ ಉಂಟೆಂಬುದಕ್ಕೆ ಅಂದಿನ ಆ ಗೋಲಿಗಿಂತ ಬೇರೆ ನಿದರ್ಶನ ನನಗೆ ಬೇಕಿಲ್ಲ.

ಅಯಾಕ್ಸ್ ಪದ್ಧತಿಯ ಒಳಗುಟ್ಟು ತಿಳಿಯಬೇಕಾದರೆ ಅದರ ಮಕ್ಕಳ ಪಂದ್ಯವನ್ನು ನೋಡಬೇಕು. ಹಿರಿಯರ ತಂಡ ಯಾವ ವ್ಯೂಹದಲ್ಲಿ ಆಡುತ್ತದೆಯೋ ಅದೇ ವ್ಯೂಹದಲ್ಲಿ ಕಿರಿಯರೂ ಆಡುತ್ತಾರೆ. ಎಡಗಡೆಯ ಅಂಚಿನ ಬಾಲಕನು ಚೆಂಡು ಬಂದಾಗ ಎಲ್ಲಿ ನಿಲ್ಲಬೇಕು, ನಡುವಣ ಬಾಲಕನು ಯಾವಾಗ ಹಿಂದಕ್ಕೆ ಸರಿಯಬೇಕು ಎಂಬುದು ಹನ್ನೆರಡನೆಯ ವಯಸ್ಸಿನಲ್ಲಿ ಕಾಲಿಗೆ ಅಭ್ಯಾಸವಾಗಿ, ಹದಿನೆಂಟನೆಯ ವಯಸ್ಸಿನಲ್ಲಿ ಹಿರಿಯರ ಅಂಗಳಕ್ಕೆ ಕಾಲಿಟ್ಟಾಗ ಅವನಿಗೆ ಅಲ್ಲಿ ಹೊಸತೆಂಬುದು ಎದುರಾಳಿಯ ವೇಗ ಒಂದೇ. ಮಕ್ಕಳನ್ನು ಆರಿಸುವಾಗ ನೋಡುತ್ತಿದ್ದುದು ಚೆಂಡಿನ ಮೇಲಿನ ಹಿಡಿತ, ಆಟದ ಗ್ರಹಿಕೆ, ವ್ಯಕ್ತಿತ್ವ, ವೇಗ ಎಂಬ ನಾಲ್ಕನ್ನು. ಎಳವೆಯಲ್ಲಿ ಗೆಲುವನ್ನು ತಂದುಕೊಡುವ ಮೈಕಟ್ಟಿಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಮಗ್ಗದ ಹಾಸು ಒಂದೇ ಇದ್ದು ಹೊಕ್ಕಿನ ನೂಲು ಮಾತ್ರ ಬದಲಾಗುವಂತೆ, ಆಟದ ಕ್ರಮ ಸ್ಥಿರವಾಗಿದ್ದು ಆಟಗಾರರು ಬರುತ್ತ ಹೋಗುತ್ತ ಇರುತ್ತಿದ್ದರು. ಹಣಕ್ಕೆ ಸುಲಭವಾಗಿ ದೊರೆಯದಿರುವುದು ಈ ಹೊಂದಾಣಿಕೆ. ಬೇರೆ ಬೇರೆ ಗುರುಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ ಕಲಿತ ಹನ್ನೊಂದು ಮಂದಿ ನಿಪುಣರನ್ನು ಒಂದು ಬೇಸಗೆಯಲ್ಲಿ ಒಟ್ಟುಗೂಡಿಸಬಹುದು. ಒಬ್ಬನ ಮನಸ್ಸಿನಲ್ಲಿರುವುದು ಇನ್ನೊಬ್ಬನ ಕಾಲಿಗೆ ತಿಳಿಯಬೇಕಾದರೆ ಕಾಲವೇ ಬೇಕು.

ಆದರೆ ವಿಯೆನ್ನಾದ ಆ ತಂಡ ಚದರಿಹೋಯಿತು. ಸೀಡಾರ್ಫ್ ಅದೇ ಬೇಸಗೆಯಲ್ಲಿ ಇಟಲಿಗೆ ಹೋದನು. ಮರುವರ್ಷ ರೋಮಿನ ಅಂತಿಮ ಪಂದ್ಯದಲ್ಲಿ ಯುವೆಂಟಸ್ ತಂಡಕ್ಕೆ ಪೆನಾಲ್ಟಿಗಳಲ್ಲಿ ಸೋತ ಮೇಲೆ, ಡಾವಿಡ್ಸ್ ಮತ್ತು ರೈಜಿಗರ್ ಕರಾರು ಮುಗಿದವರಾಗಿ, ಅಯಾಕ್ಸಿಗೆ ಬಿಡಿಗಾಸೂ ದೊರೆಯದೆ, ಮಿಲಾನನ್ನು ಸೇರಿದರು; ೧೯೯೭ರಲ್ಲಿ ಕ್ಲೈವರ್ಟನೂ ಹಾಗೆಯೇ ಅದೇ ಮಿಲಾನಿಗೆ ಹೋದನು. ಯಾರ ಬಲೆಗೆ ಚೆಂಡನ್ನು ದೂಡಿ ಕಿರೀಟ ಗೆದ್ದನೋ ಅವರೇ ಅವನನ್ನು ಎರಡು ವರ್ಷಗಳ ಮೇಲೆ ಪುಕ್ಕಟೆಯಾಗಿ ಪಡೆದರು. ಹುಡುಗನನ್ನು ನಾನು ದೂರುವುದಿಲ್ಲ. ಒಬ್ಬ ಎಂಜಿನಿಯರೋ ಅಧ್ಯಾಪಕನೋ ಹೆಚ್ಚಿನ ಸಂಬಳದ ಕಡೆಗೆ ಹೊರಟರೆ ತಪ್ಪೆನ್ನದ ನಾವು, ಮೂವತ್ತೈದಕ್ಕೆ ಮುಗಿದುಹೋಗುವ ಉದ್ಯೋಗವನ್ನು ಹಿಡಿದವನಿಂದ ಮಾತ್ರ ತ್ಯಾಗವನ್ನು ಕೇಳುವುದು ನ್ಯಾಯವಲ್ಲ. ಅಯಾಕ್ಸಿಗೆ ಉಳಿದ ಪಾಠವೆಂದರೆ ಕರಾರು ತೀರುವ ಮೊದಲೇ ಮಾತಾಡಿ ಮುಗಿಸಬೇಕೆಂಬುದು. ಮುಂದೆ ೨೦೧೯ರಲ್ಲಿ ಆ ಕ್ಲಬ್ಬು ಮತ್ತೊಮ್ಮೆ ಎಳೆಯರ ತಂಡವನ್ನು ಕಟ್ಟಿ ಯೂರೋಪಿನ ಉಪಾಂತ್ಯ ಪಂದ್ಯದವರೆಗೆ ಏರಿದಾಗ, ಅದರ ನಾಯಕ, ಹತ್ತೊಂಬತ್ತರ ಮಥೈಸ್ ಡಿ ಲಿಕ್ಟ್, ಸುಮಾರು ೭.೫ ಕೋಟಿ ಯೂರೋಗಳ ಬೆಲೆಗೆ ಯುವೆಂಟಸ್ ತಂಡಕ್ಕೆ ಹೋದನು. ಹಣ ಬಂತು, ತಂಡ ಮಾತ್ರ ಈ ಸಲವೂ ಉಳಿಯಲಿಲ್ಲ.

ಹಾಗಾದರೆ ಬೆಳೆಸಿದವರನ್ನು ಬಂಧಿಸದೆಯೇ ಉಳಿಸಿಕೊಳ್ಳುವುದು ಸಾಧ್ಯವೆ? ಈ ಪ್ರಶ್ನೆಯೊಡನೆ ನಾನು ತಮ್ಮನ್ನು ಸ್ಪೇನಿನ ಉತ್ತರದ ಕಡಲಂಚಿಗೆ, ಬಿಲ್ಬಾವೊ ನಗರಕ್ಕೆ ಕರೆದೊಯ್ಯಬೇಕು.

ಅಥ್ಲೆಟಿಕ್ ಕ್ಲಬ್ ಅಲ್ಲಿ ೧೮೯೮ರಲ್ಲಿ ಹುಟ್ಟಿತು. ಗಣಿಗೂ ಹಡಗುಕಟ್ಟೆಗೂ ಬಂದ ಬ್ರಿಟಿಷ್ ಕೆಲಸಗಾರರೂ, ಇಂಗ್ಲೆಂಡಿಗೆ ಓದಲು ಹೋಗಿ ಬಂದ ಊರಿನ ತರುಣರೂ ಆಟವನ್ನು ಅಲ್ಲಿಗೆ ತಂದಿದ್ದರು. ೧೯೧೨ರಿಂದೀಚೆಗೆ ಆ ಕ್ಲಬ್ಬು ಬಾಸ್ಕ್ ನಾಡಿನಲ್ಲಿ ಹುಟ್ಟಿದವರನ್ನು, ಇಲ್ಲವೆ ಆ ನಾಡಿನಲ್ಲಿ ಆಟ ಕಲಿತವರನ್ನು ಬಿಟ್ಟು ಬೇರೆಯವರನ್ನು ಆಡಿಸಿಲ್ಲ. ಇದು ಅದರ ಲಿಖಿತ ನಿಯಮಾವಳಿಯಲ್ಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಪಾಲಿಸಿಕೊಂಡು ಬಂದ ಸಂಪ್ರದಾಯ. ಫ್ರಾನ್ಸಿನ ಭಾಗವೂ ಸೇರಿ ಬಾಸ್ಕ್ ನಾಡಿನ ಜನಸಂಖ್ಯೆ ಸುಮಾರು ಮೂವತ್ತು ಲಕ್ಷ. ೨೦೧೧ರ ಜನಗಣತಿಯಲ್ಲಿ ನಮ್ಮ ಬೆಂಗಳೂರು ನಗರವೊಂದರಲ್ಲೇ ಎಂಬತ್ತನಾಲ್ಕು ಲಕ್ಷ ಜನರಿದ್ದರು. ಅಷ್ಟು ಸಣ್ಣ ನಾಡಿನಿಂದ ಆರಿಸಿದ ತಂಡ ಸ್ಪೇನಿನ ಲೀಗ್ ಪದವಿಯನ್ನು ಎಂಟು ಸಲ ಗೆದ್ದಿದೆ. ಲೀಗ್ ಆರಂಭವಾದ ೧೯೨೯ರಿಂದ ಇಂದಿನವರೆಗೆ ಒಮ್ಮೆಯಾದರೂ ಕೆಳಗಿನ ದರ್ಜೆಗೆ ಇಳಿಯದ ತಂಡಗಳು ಮೂರೇ ಮೂರು, ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಮತ್ತು ಇದು. ಕ್ಲಬ್ಬಿನ ಟೆಲ್ಮೊ ಸರ್ರಾ ಲೀಗಿನಲ್ಲಿ ಹೊಡೆದ ೨೫೧ ಗೋಲುಗಳ ದಾಖಲೆಯನ್ನು ಬಾರ್ಸಿಲೋನಾದ ಮೆಸ್ಸಿ ಮುರಿದದ್ದು ೨೦೧೪ರಲ್ಲಿ.

ಊರಿನ ಹೊರಗೆ, ಲೆಸಾಮಾ ಎಂಬ ಹಳ್ಳಿಯಲ್ಲಿ, ಕ್ಲಬ್ಬಿನ ತರಬೇತಿಯ ನೆಲೆ ಇದೆ. ೧೯೭೧ರಿಂದ ಅದು ನಡೆಯುತ್ತಿದೆ. ಹಳೆಯ ಸಾನ್ ಮಾಮೆಸ್ ಕ್ರೀಡಾಂಗಣದ ಮುಖ್ಯ ಗ್ಯಾಲರಿಯ ಚಾವಣಿಯನ್ನು ಹೊತ್ತಿದ್ದ ಬಿಳಿಯ ಉಕ್ಕಿನ ಕಮಾನನ್ನು, ೨೦೧೩ರಲ್ಲಿ ಕ್ರೀಡಾಂಗಣವನ್ನು ಕೆಡವಿದಾಗ ಗುಜರಿಗೆ ಹಾಕದೆ, ಮುಂದೆ ಈ ಲೆಸಾಮಾಕ್ಕೆ ಸಾಗಿಸಿ ನಿಲ್ಲಿಸಿದರು. ಅಭ್ಯಾಸಕ್ಕೆ ಬರುವ ಹತ್ತು ವರ್ಷದ ಹುಡುಗನು ತನ್ನ ತಾತ ನೋಡಿದ ಪಂದ್ಯಗಳ ಕಮಾನಿನ ಕೆಳಗೆ ಚೆಂಡನ್ನು ಒದೆಯುತ್ತಾನೆ. ಹೊಸ ಕ್ರೀಡಾಂಗಣದಲ್ಲಿ ಪಿಚಿಚಿ ಎಂಬ ಅಡ್ಡಹೆಸರಿನ ರಾಫಾಯೆಲ್ ಮೊರೆನೊ ಅರಾನ್ಸಾದಿಯ ಕಂಚಿನ ಪ್ರತಿಮೆ ಇದೆ. ೧೯೧೩ರಲ್ಲಿ ಸಾನ್ ಮಾಮೆಸಿನ ಮೊತ್ತಮೊದಲ ಗೋಲನ್ನು ಹೊಡೆದು, ೧೯೨೨ರಲ್ಲಿ, ಮೂವತ್ತು ತುಂಬುವ ಮೊದಲೇ, ವಿಷಮಜ್ವರದಿಂದ ತೀರಿಕೊಂಡ ಆಟಗಾರನಾತ. ಆ ಅಂಗಳಕ್ಕೆ ಮೊದಲ ಬಾರಿ ಬಂದ ಯಾವುದೇ ತಂಡದ ನಾಯಕನು ಆಟಕ್ಕೆ ಮುನ್ನ ಅಲ್ಲಿ ಹೂವಿಡುವುದು ಪದ್ಧತಿ. ಇಂಥ ಆಚಾರಗಳನ್ನು ಭಾವುಕತೆಯೆಂದು ತಳ್ಳಿಬಿಡುವವರುಂಟು. ನನಗೆ ಹಾಗೆ ತೋರುವುದಿಲ್ಲ. ಹಣದ ಸ್ಪರ್ಧೆಯಲ್ಲಿ ಗೆಲ್ಲಲಾರದ ಸಂಸ್ಥೆಯು ಉಳಿಯಬೇಕಾದರೆ ಹಣ ಕೊಡಲಾರದ ಯಾವುದನ್ನಾದರೂ ಅದು ಕೊಡಬೇಕು; ಬಿಲ್ಬಾವೊ ಕೊಡುತ್ತಿರುವುದು ಅದನ್ನೇ.

ಮತ್ತು ಅದು ಕೈಕಟ್ಟಿ ಕೂತ ಸಂಸ್ಥೆಯೂ ಅಲ್ಲ. ಸ್ಪೇನಿನ ಪದ್ಧತಿಯಂತೆ ಆಟಗಾರನ ಕರಾರಿನಲ್ಲಿ ಸಾಮಾನ್ಯವಾಗಿ ಬಿಡುಗಡೆಯ ಮೊತ್ತವೊಂದು ನಮೂದಾಗಿರುತ್ತದೆ. ಅಷ್ಟನ್ನು ಕಟ್ಟಿದರೆ ಹೋಗಬಹುದು. ಬೇಕೆಂದು ಬಂದವರೊಡನೆ ಚೌಕಾಸಿಗೆ ಕೂರದೆ, ಪೂರ್ತಿ ಮೊತ್ತವನ್ನು ಕಟ್ಟಿ ಕರೆದೊಯ್ಯಿರಿ ಎನ್ನುವುದು ಈ ಕ್ಲಬ್ಬಿನ ರೂಢಿ. ಹೀಗೆ ೨೦೧೨ರಲ್ಲಿ ಜಾವಿ ಮಾರ್ಟಿನೆಸ್ ೪ ಕೋಟಿ ಯೂರೋಗಳಿಗೆ ಬಯರ್ನ್ ಮ್ಯೂನಿಕ್ ತಂಡಕ್ಕೂ, ೨೦೧೮ರ ಜನವರಿಯಲ್ಲಿ ಲಪೋರ್ಟ್ ೬.೫ ಕೋಟಿಗೆ ಮ್ಯಾಂಚೆಸ್ಟರ್ ಸಿಟಿಗೂ, ಅದೇ ವರ್ಷದ ಆಗಸ್ಟಿನಲ್ಲಿ ಗೋಲಿ ಕೆಪಾ ೮ ಕೋಟಿಗೆ ಚೆಲ್ಸಿಗೂ ಹೋದರು. ಇವರೆಲ್ಲ ಕರಾರಿನ ನಡುವೆ ಹೋದವರು. ಕರಾರು ತೀರಿಸಿಕೊಂಡು ಸ್ವತಂತ್ರರಾಗಿ ಹೋದವರಲ್ಲಿ ಒಬ್ಬ ಫೆರ್ನಾಂಡೊ ಯೊರೆಂತೆ; ಹೊಸ ಕರಾರಿಗೆ ಒಪ್ಪದೆ, ೨೦೧೨–೧೩ರ ಋತುವಿನ ಬಹುಭಾಗವನ್ನು ಬೆಂಚಿನ ಮೇಲೆ ಕಳೆದು, ಕೊನೆಯಲ್ಲಿ ಯುವೆಂಟಸ್ ಸೇರಿದನು. ಹತ್ತಾರು ವರ್ಷ ಕಲಿಸಿದ ಕ್ಲಬ್ಬಿಗೆ ಏನೂ ಬರಲಿಲ್ಲ. ಆ ಕೊನೆಯ ವರ್ಷ ಎರಡು ಕಡೆಗೂ ನೋವಿನದು. ಆದರೂ ಆತನ ಹಕ್ಕು ಆತನದೇ.

ಇದಕ್ಕೆ ಎದುರಾಗಿ ವಿಲಿಯಮ್ಸ್ ಸೋದರರ ವೃತ್ತಾಂತವನ್ನು ಇಡಬೇಕು. ಅವರ ತಂದೆತಾಯಿಗಳು ಘಾನಾ ದೇಶದಿಂದ ಹೊರಟು, ಸಹಾರಾ ಮರುಭೂಮಿಯನ್ನು ಭಾಗಶಃ ಕಾಲ್ನಡಿಗೆಯಿಂದ ದಾಟಿ, ಮೆಲಿಲ್ಲಾದಲ್ಲಿ ಸ್ಪೇನಿನ ಗಡಿಬೇಲಿಯನ್ನು ಹತ್ತಿ ಆ ದೇಶವನ್ನು ಸೇರಿದವರು. ಬಿಲ್ಬಾವೊದಲ್ಲಿ ೧೯೯೪ರಲ್ಲಿ ಹುಟ್ಟಿದ ಹಿರಿಯ ಮಗನಿಗೆ, ತಮಗೆ ನೆರವಾದ ಒಬ್ಬ ಪಾದ್ರಿಯ ಹೆಸರಾದ ಇನ್ಯಾಕಿ ಎಂಬುದನ್ನೇ ಇಟ್ಟರು. ಕಿರಿಯ ನಿಕೊ ೨೦೦೨ರಲ್ಲಿ ಪಾಂಪ್ಲೋನಾದಲ್ಲಿ ಹುಟ್ಟಿದನು. ಹಿರಿಯನು ೨೦೧೬ರ ಏಪ್ರಿಲಿನಿಂದ ೨೦೨೩ರ ಜನವರಿಯವರೆಗೆ ಲೀಗಿನ ೨೫೧ ಪಂದ್ಯಗಳನ್ನು ಒಂದನ್ನೂ ತಪ್ಪಿಸದೆ ಸಾಲಾಗಿ ಆಡಿದ್ದಾನೆ. ಸ್ಪೇನಿನಲ್ಲಿ ಅಂಥ ದಾಖಲೆ ಮತ್ತೊಂದಿಲ್ಲ. ಸ್ಥಳೀಯತೆಯನ್ನು ರಕ್ತದಿಂದ ಅಳೆಯಹೊರಟಿದ್ದರೆ ಈ ಸೋದರರು ಆ ಕೆಂಪು-ಬಿಳಿ ಪಟ್ಟೆಯ ಅಂಗಿಯನ್ನು ತೊಡುತ್ತಿರಲಿಲ್ಲ. ನೆಲ, ಕಲಿಕೆ, ಒಡನಾಟಗಳಿಂದ ಅಳೆದದ್ದರಿಂದ ತೊಟ್ಟರು. ಬೆಳೆಸುವ ಪದ್ಧತಿಯನ್ನು ಮೆಚ್ಚುವ ಯಾವ ನಾಡಿನವರೂ ಈ ಭೇದವನ್ನು ಮರೆಯಬಾರದು. ಮರೆತರೆ ಒಳ್ಳೆಯದೊಂದು ಸಂಪ್ರದಾಯ ಹೊರಗಿನವರನ್ನು ದೂಡುವ ಬಾಗಿಲಾಗಿಬಿಡುತ್ತದೆ.

೧೯೮೪ರಲ್ಲಿ ಲೀಗನ್ನೂ ರಾಜನ ಕಪ್ ಎಂಬ ಪಂದ್ಯಾವಳಿಯನ್ನೂ ಒಟ್ಟಿಗೆ ಗೆದ್ದ ಮೇಲೆ ಈ ಕ್ಲಬ್ಬಿಗೆ ನಲವತ್ತು ವರ್ಷ ಆ ಎರಡರಲ್ಲಿ ಒಂದೂ ದೊರೆಯಲಿಲ್ಲ. ಕಪ್ಪಿನ ಅಂತಿಮ ಪಂದ್ಯಕ್ಕೆ ಬಂದು ಸೋತದ್ದು ೧೯೮೫, ೨೦೦೯, ೨೦೧೨, ೨೦೧೫. ಬಳಿಕ ೨೦೨೧ರ ಏಪ್ರಿಲಿನಲ್ಲಿ, ಮಹಾಮಾರಿಯಿಂದ ಮುಂದೂಡಿದ್ದ ಹಿಂದಿನ ವರ್ಷದ ಅಂತಿಮ ಪಂದ್ಯವನ್ನೂ ಆ ವರ್ಷದ್ದನ್ನೂ ಹದಿನೈದು ದಿನಗಳೊಳಗೆ ಸೋತಿತು. ಇಷ್ಟಾದರೂ ಸಂಪ್ರದಾಯವನ್ನು ಬಿಟ್ಟುಬಿಡೋಣವೆಂಬ ಕೂಗು ಸದಸ್ಯರಲ್ಲಿ ಬಲಗೊಳ್ಳಲಿಲ್ಲ. ೨೦೨೪ರ ಏಪ್ರಿಲ್ ೬ರಂದು ಸೆವಿಲ್ಯಾ ನಗರದಲ್ಲಿ ಮಯೋರ್ಕಾ ತಂಡದ ಎದುರು ಒಂದು ಗೋಲಿನಿಂದ ಹಿಂದೆಬಿದ್ದು, ನಿಕೊ ಒದಗಿಸಿದ ಚೆಂಡಿನಿಂದ ಒಯಿಹಾನ್ ಸಾನ್ಸೆಟ್ ಸಮ ಮಾಡಿ, ಪೆನಾಲ್ಟಿಗಳಲ್ಲಿ ೪–೨ರಿಂದ ಗೆದ್ದಾಗ, ಬಿಲ್ಬಾವೊ ಜನರು ತಂಡವನ್ನು ನೆರ್ವಿಯಾನ್ ನದಿಯಲ್ಲಿ ಸರಕು ಸಾಗಿಸುವ ಚಪ್ಪಟೆ ದೋಣಿಯೊಂದರ ಮೇಲೆ ಮೆರೆಸಿದರು. ೧೯೮೪ರಲ್ಲಿ ಮೆರೆಸಿದ್ದೂ ಹಾಗೆಯೇ. ಮರುವರ್ಷದ ಬೇಸಗೆಯಲ್ಲಿ ಬಾರ್ಸಿಲೋನಾದವರು ನಿಕೊನನ್ನು ಕರೆದೊಯ್ಯಲು ಬಹಳ ಯತ್ನಿಸಿದರು. ಬಿಡುಗಡೆಯ ಮೊತ್ತ ಕರಾರಿನಲ್ಲಿಯೇ ಇತ್ತು, ಹೋಗಬಹುದಿತ್ತು; ಆತ ೨೦೩೫ರವರೆಗೆ ಬಿಲ್ಬಾವೊದಲ್ಲೇ ಉಳಿಯುವ ಹೊಸ ಕರಾರಿಗೆ ಸಹಿ ಹಾಕಿದನು. ಸ್ವತಂತ್ರನಾದವನು ಉಳಿದಾಗ ಮಾತ್ರ ಉಳಿದದ್ದಕ್ಕೆ ಬೆಲೆ.

ಬಿಲ್ಬಾವೊ ಪದ್ಧತಿಯಲ್ಲಿ ಕುಂದಿಲ್ಲವೆಂದು ಹೇಳಲಾರೆ. ಪಾಂಪ್ಲೋನಾದ ಒಸಾಸುನಾದಂಥ ನೆರೆಯ ಚಿಕ್ಕ ಕ್ಲಬ್ಬುಗಳು ತಮ್ಮ ಚಿಗುರುಗಳನ್ನು ಈ ದೊಡ್ಡ ನೆರೆಯವನು ಕಿತ್ತುಕೊಂಡು ಹೋಗುವನೆಂದು ಬಹುಕಾಲದಿಂದ ದೂರುತ್ತಿವೆ, ಆ ದೂರಿನಲ್ಲಿ ಹುರುಳಿದೆ. ೨೦೧೮ರಲ್ಲಿ ಲಪೋರ್ಟ್ ಹೋದ ಬೆನ್ನಿಗೇ ಬಂದ ಹಣದಲ್ಲಿ ೩.೨ ಕೋಟಿಯನ್ನು ಕೊಟ್ಟು ಇನ್ಯಿಗೊ ಮಾರ್ಟಿನೆಸನನ್ನು ನೆರೆಯ ರಿಯಲ್ ಸೊಸಿಯೆದಾದ್ ತಂಡದಿಂದ ತಂದುಕೊಂಡದ್ದೂ ಕೊಳ್ಳುವಿಕೆಯೇ. ಆ ಸೊಸಿಯೆದಾದ್ ಕೂಡ ಬಾಸ್ಕ್ ಆಟಗಾರರಿಂದಲೇ ೧೯೮೧ರಲ್ಲೂ ೧೯೮೨ರಲ್ಲೂ ಲೀಗನ್ನು ಗೆದ್ದು, ೧೯೮೯ರಲ್ಲಿ ಐರ್ಲೆಂಡಿನ ಪರ ಆಡುತ್ತಿದ್ದ ಜಾನ್ ಆಲ್ಡ್ರಿಜನನ್ನು ಕರೆತಂದು ಆ ಕಟ್ಟುಪಾಡನ್ನು ಬಿಟ್ಟಿತು. ಅದು ದ್ರೋಹವಾಗಲಿಲ್ಲ, ಇಂದಿಗೂ ಅದರ ತಂಡದಲ್ಲಿ ಸ್ವಂತ ಶಾಲೆಯ ಹುಡುಗರಿಗೆ ಕೊರತೆಯಿಲ್ಲ. ಬೆಳೆಸುವುದಕ್ಕೆ ಬಾಗಿಲು ಮುಚ್ಚಲೇಬೇಕೆಂಬುದಿಲ್ಲ.

ಕೊಳ್ಳುವ ಪದ್ಧತಿಯ ಪ್ರಖ್ಯಾತ ನಿದರ್ಶನವಾದ ಮ್ಯಾಡ್ರಿಡ್ಡಿನ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ೨೦೦೦ದಲ್ಲಿ ಅಧ್ಯಕ್ಷರಾದ ಫ್ಲೊರೆಂತಿನೊ ಪೆರೆಸ್ ವರ್ಷಕ್ಕೊಬ್ಬನಂತೆ ಫೀಗೊ, ಜಿದಾನ್, ರೊನಾಲ್ಡೊ, ಬೆಕಮ್ ಇವರನ್ನು ತಂದರು. ೨೦೦೨ರಲ್ಲಿ ಗ್ಲಾಸ್ಗೊ ನಗರದಲ್ಲಿ, ಮೇಲಿಂದ ಇಳಿಯುತ್ತಿದ್ದ ಚೆಂಡನ್ನು ನೆಲಕ್ಕೆ ಬೀಳಗೊಡದೆ ಎಡಗಾಲಿನಿಂದ ಜಿದಾನ್ ಹೊಡೆದ ಗೋಲು ಕೊಂಡ ಆಟಗಾರನಿಂದ ಬಂದದ್ದೆಂದು ಅದರ ಸೊಗಸನ್ನು ಅಲ್ಲಗಳೆಯುವ ಮಾತೇ ಇಲ್ಲ. ಆದರೆ ೨೦೦೩ರಲ್ಲಿ, ನಡುಮೈದಾನವನ್ನು ಸದ್ದಿಲ್ಲದೆ ಕಾಯುತ್ತಿದ್ದ ಮಕೆಲೆಲೆಯನ್ನು ಚೆಲ್ಸಿಗೆ ಬಿಟ್ಟುಕೊಟ್ಟು, ಹೆಸರಾಂತರ ಸಾಲಿಗೆ ಬೆಕಮನನ್ನು ಸೇರಿಸಿದ ಮೇಲೆ, ಮೂರು ಋತುಗಳ ಕಾಲ ಆ ಕ್ಲಬ್ಬಿಗೆ ದೊಡ್ಡ ಪದವಿ ಒಂದೂ ದಕ್ಕದೆ, ೨೦೦೬ರ ಫೆಬ್ರವರಿಯಲ್ಲಿ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಅದೇ ಕಾಲದಲ್ಲಿ ಬಾರ್ಸಿಲೋನಾದವರು ೧೯೭೯ರಿಂದ ನಡೆಸುತ್ತಿದ್ದ ಲಾ ಮಾಸಿಯಾ ಎಂಬ ಕಿರಿಯರ ಶಾಲೆಯಲ್ಲಿ ಕಲಿತ ಶಾವಿ, ಇನಿಯೆಸ್ತಾ, ಮೆಸ್ಸಿ ಹಿರಿಯರ ತಂಡದಲ್ಲಿ ಬೇರೂರುತ್ತಿದ್ದರು. ೨೦೧೦ರಲ್ಲಿ ಲೋಕದ ಶ್ರೇಷ್ಠ ಆಟಗಾರನ ಪ್ರಶಸ್ತಿಗೆ ಕೊನೆಯ ಸುತ್ತಿನಲ್ಲಿ ನಿಂತ ಮೂವರೂ ಇವರೇ.

ಈಗ ಮೊದಲು ಬಿಟ್ಟುಬಂದ ಪ್ರಶ್ನೆಗೆ, ಬೆಳೆಸಿದವನ ಋಣದ ಪ್ರಶ್ನೆಗೆ, ಮರಳುತ್ತೇನೆ. ೨೦೦೧ರಲ್ಲಿ ಈ ಆಟದ ಜಾಗತಿಕ ಸಂಸ್ಥೆಯಾದ ಫಿಫಾ ತನ್ನ ವರ್ಗಾವಣೆಯ ನಿಯಮಗಳಲ್ಲಿ ಎರಡು ಏರ್ಪಾಡುಗಳನ್ನು ಮಾಡಿತು. ಮೊದಲನೆಯದು, ಎಳೆಯ ಆಟಗಾರನು ಮೊದಲ ಬಾರಿ ವೃತ್ತಿಪರನಾದಾಗಲೂ, ಇಪ್ಪತ್ಮೂರರೊಳಗೆ ಒಂದು ದೇಶದಿಂದ ಇನ್ನೊಂದಕ್ಕೆ ಹೋದಾಗಲೂ ಕಲಿಸಿದವರಿಗೆ ಸಲ್ಲಬೇಕಾದ ಪರಿಹಾರ. ಎರಡನೆಯದು, ಕರಾರಿನ ನಡುವೆ ಹಣಕ್ಕೆ ವರ್ಗಾವಣೆಯಾದಾಗ ಆ ಹಣದಲ್ಲಿ ನೂರಕ್ಕೆ ಐದು ಪಾಲನ್ನು ಅವನನ್ನು ಹನ್ನೆರಡರಿಂದ ಇಪ್ಪತ್ಮೂರನೆಯ ವಯಸ್ಸಿನವರೆಗೆ ಬೆಳೆಸಿದ ಎಲ್ಲ ಕ್ಲಬ್ಬುಗಳಿಗೂ ಹಂಚುವ ಏರ್ಪಾಡು: ಹನ್ನೆರಡರಿಂದ ಹದಿನೈದರವರೆಗೆ ವರ್ಷಕ್ಕೆ ನೂರಕ್ಕೆ ಕಾಲು, ಆಮೇಲೆ ವರ್ಷಕ್ಕೆ ನೂರಕ್ಕೆ ಅರೆ. ಒಬ್ಬ ಹುಡುಗನನ್ನು ಹನ್ನೆರಡರಿಂದ ಹದಿನೈದು ಮುಗಿಯುವವರೆಗೆ ಕಲಿಸಿದ ಬಡ ಕ್ಲಬ್ಬಿಗೆ, ಆತ ಮುಂದೆ ಹತ್ತು ಕೋಟಿ ರೂಪಾಯಿಗೆ ಪರದೇಶದ ತಂಡಕ್ಕೆ ಹೋದರೆ, ಹತ್ತು ಲಕ್ಷ ಸಲ್ಲುತ್ತದೆ. ಫ್ರಾನ್ಸಿನ ಲಿಯಾನ್ ಕ್ಲಬ್ಬು ತಾನು ಕಲಿಸಿದ ಒಲಿವಿಯೆ ಬೆರ್ನಾರ್ ನ್ಯೂಕ್ಯಾಸಲ್ಲಿಗೆ ಹೊರಟುಹೋದಾಗ ಹೂಡಿದ ವ್ಯಾಜ್ಯದಲ್ಲಿ, ೨೦೧೦ರ ಮಾರ್ಚ್ ೧೬ರಂದು, ಅದೇ ಯೂರೋಪಿಯನ್ ನ್ಯಾಯಾಲಯವು ಕಲಿಸಿದವರಿಗೆ ಪರಿಹಾರ ಪಡೆಯುವ ಹಕ್ಕುಂಟೆಂದೂ, ಆದರೆ ಅದು ಕಲಿಕೆಯ ನಿಜವಾದ ವೆಚ್ಚಕ್ಕೆ ಅನುಗುಣವಾಗಿರಬೇಕೆಂದೂ ಹೇಳಿತು. ಬೋಸ್ಮಾನನ ತೀರ್ಪು ಬಿಟ್ಟುಹೋದ ಅರ್ಧಭಾಗ ಹೀಗೆ ಹದಿನಾಲ್ಕು ವರ್ಷಗಳ ಮೇಲೆ ತುಂಬಿತು. ಆಟಗಾರನು ಸ್ವತಂತ್ರ, ಗುರುವಿಗೆ ದಕ್ಷಿಣೆ ನಿಶ್ಚಿತ. ನಾನು ನಂಬುವ ಮಾರ್ಗ ಇದು.

ನಮ್ಮ ನಗರಕ್ಕೆ ಈ ವಿಚಾರ ದೂರದ್ದಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು ಗೋರಾ ಪಲ್ಟಣಗಳ ಕೈಯಿಂದ ಮೊಟ್ಟಮೊದಲು ಕಿತ್ತುಕೊಂಡ ಭಾರತೀಯ ತಂಡ ೧೯೩೭ರ ಬೆಂಗಳೂರು ಮುಸ್ಲಿಮ್ಸ್; ಮರುವರ್ಷವೂ ಅವರೇ ಗೆದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ತಂಡ ನಾಲ್ಕು ಸಲ ಪಡೆದಿದೆ. ಬೆಂಗಳೂರಿನ ಅಹಮದ್ ಖಾನ್ ಲಂಡನ್ ಮತ್ತು ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ದೇಶಕ್ಕಾಗಿ ಆಡಿದವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಅವರೂ ಸೇರಿದಂತೆ ಐವರು ಮುಂದಾಳುಗಳನ್ನು ಆ ಊರಿನವರು ಪಂಚಪಾಂಡವರೆಂದು ಕರೆದರು. ಆ ಐವರೂ ಬಂಗಾಳದ ಹೊರಗೆ ಬೆಳೆದವರು. ಕಲ್ಕತ್ತೆಯ ಮೈದಾನ ಅವರಿಗೆ ಕೀರ್ತಿ ಕೊಟ್ಟಿತು, ಅದು ನ್ಯಾಯವೇ. ಅಹಮದ್ ಖಾನರು ಬರಿಗಾಲ ಹುಡುಗನಾಗಿದ್ದಾಗ ಅವರಿಗೆ ಚೆಂಡನ್ನು ಹಿಡಿಯಲು ಕಲಿಸಿದ ಬೆಂಗಳೂರಿನ ದಂಡುಪ್ರದೇಶದ ಅಂಗಳಗಳ ಲೆಕ್ಕವನ್ನು ಯಾರೂ ಇಡಲಿಲ್ಲ.

ಇಂದು ಆ ಲೆಕ್ಕವನ್ನು ಇಡುವುದು ಸಾಧ್ಯ. ೨೦೨೨ರ ನವೆಂಬರಿನಿಂದ ಪ್ಯಾರಿಸ್ಸಿನಲ್ಲಿ ಫಿಫಾದ ಪಾವತಿ ಕಚೇರಿಯೊಂದು ಕಲಿಸಿದ ಕ್ಲಬ್ಬುಗಳಿಗೆ ಸಲ್ಲಬೇಕಾದ ಹಣವನ್ನು ತಾನೇ ಸಂಗ್ರಹಿಸಿ ತಲುಪಿಸುತ್ತಿದೆ. ಅದು ನೋಡುವುದು ಒಂದೇ ದಾಖಲೆಯನ್ನು: ಈ ಆಟಗಾರ ಯಾವ ವಯಸ್ಸಿನಲ್ಲಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಕ್ಲಬ್ಬಿನ ಹೆಸರಿನಲ್ಲಿ ನೋಂದಾಯಿಸಲ್ಪಟ್ಟಿದ್ದ ಎಂಬುದನ್ನು. ನೋಂದಣಿಯಿಲ್ಲದ ಗುರುವಿಗೆ ಅಲ್ಲಿ ಅಸ್ತಿತ್ವವೇ ಇಲ್ಲ. ಆಸ್ಟಿನ್ ಟೌನಿನಲ್ಲಿ, ಗೌತಮಪುರದಲ್ಲಿ, ಈ ರಾಜ್ಯದ ಇತರ ಊರುಗಳಲ್ಲಿ, ಸಂಜೆಯ ಹೊತ್ತು ಸ್ವಂತ ಖರ್ಚಿನಿಂದ ಚೆಂಡು ಕೊಂಡು ಮಕ್ಕಳಿಗೆ ಆಡಲು ಕಲಿಸುತ್ತಿರುವ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟು: ತಮ್ಮಲ್ಲಿಗೆ ಬರುವ ಪ್ರತಿಯೊಬ್ಬ ಹುಡುಗನನ್ನೂ ಹುಡುಗಿಯನ್ನೂ ಹನ್ನೆರಡು ತುಂಬುವ ವರ್ಷದಲ್ಲೇ ರಾಜ್ಯ ಸಂಸ್ಥೆಯ ಮೂಲಕ ರಾಷ್ಟ್ರೀಯ ಒಕ್ಕೂಟದ ದಾಖಲೆಯಲ್ಲಿ ತಮ್ಮ ಕ್ಲಬ್ಬಿನ ಹೆಸರಿಗೆ ನೋಂದಾಯಿಸಿರಿ, ಪ್ರತಿ ಋತುವಿನಲ್ಲಿಯೂ ಅದನ್ನು ನವೀಕರಿಸಿರಿ, ಕ್ಲಬ್ಬು ನೋಂದಾಯಿತವಾಗಿಲ್ಲವಾದರೆ ಮೊದಲು ಆ ಕೆಲಸವನ್ನು ಮುಗಿಸಿರಿ. ಈ ಸಭೆಯಲ್ಲಿರುವ ವಕೀಲರೂ ಲೆಕ್ಕಪರಿಶೋಧಕರೂ ತಿಂಗಳಿಗೊಂದು ಸಂಜೆಯನ್ನು ಆ ಹಿರಿಯರ ಕಾಗದಪತ್ರಗಳಿಗಾಗಿ ಕೊಡಬೇಕೆಂದು ಕೈಮುಗಿದು ಬೇಡುತ್ತೇನೆ.